ಸೊಂಟದ ಪಿಸ್ತೂಲು ಮತ್ತು ಶ್ರಾವಕನ ಲೆಕ್ಕ

(ಗುರುಗ್ರಾಮದ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ದೀಪಾವಳಿ ಕಳೆದ ಮೇಲೆ ನಮ್ಮ ಸಮಾಜದ ಯುವ ವ್ಯಾಪಾರಿಯೊಬ್ಬರು ನನ್ನ ಕಚೇರಿಗೆ ಬಂದರು. ರಾತ್ರಿ ಅಂಗಡಿಯ ಹಣದೊಡನೆ ಮನೆಗೆ ಮರಳುವಾಗ ಬೈಕಿನಲ್ಲಿ ಬಂದ ಇಬ್ಬರು ಅವರನ್ನು ಅಡ್ಡಗಟ್ಟಿದ್ದರು. ಚೀಲ ಹೋಯಿತು, ಪ್ರಾಣ ಉಳಿಯಿತು. "ಅಣ್ಣಾ, ಸೈನಿಕರ ಬಳಿ ಇರುವಂಥ ಉಕ್ಕಿನ ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ಅಂಗಡಿಯ ಖರ್ಚಿನಲ್ಲಿ ತೋರಿಸಬಹುದೇ?" ಎಂದರು. ತೆರಿಗೆಯ ಲೆಕ್ಕಕ್ಕೆ ಮೊದಲು ಬೇರೆ ಲೆಕ್ಕಗಳಿವೆ ಎಂದೆ. ಅವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಧರ್ಮದ ಲೆಕ್ಕ. ಹಿಂಸೆಯನ್ನು ನಮ್ಮವರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಬಿಡಲೇಬೇಕು; ಆತ್ಮರಕ್ಷಣೆಯಲ್ಲಿ ಒದಗುವ ವಿರೋಧಿ ಹಿಂಸೆ ಅವನಿಗೆ ಪೂರ್ಣ ನಿಷಿದ್ಧವಲ್ಲ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯೇ ಆಗಿದ್ದನು. ಆದರೆ ಆಯುಧವನ್ನು ಪರರ ಕೈಗೆ ಕೊಡುವ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಮಕ್ಕಳಿರುವ ಮನೆಯ ಕಪಾಟಿನಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಬೀಗವಿಲ್ಲದೆ ಇಡುವುದು ಇದಕ್ಕಿಂತ ಎಷ್ಟು ದೂರ?

ಎರಡನೆಯದು ವಸ್ತುವಿನ ಲೆಕ್ಕ. ನಮ್ಮ ಸೇನೆಗೆ ಈಶಾಪುರದಲ್ಲಿ ತಯಾರಾದ 9 ಎಂಎಂ 1ಎ ಪಿಸ್ತೂಲು ಬ್ರೌನಿಂಗ್ ಹೈ ಪವರ್ ಮಾದರಿಯದು. ಉಕ್ಕಿನ ಚೌಕಟ್ಟು, 13 ಗುಂಡುಗಳ ಮ್ಯಾಗಜಿನ್, ಖಾಲಿಯಿದ್ದಾಗಲೂ ಕಿಲೋ ಸಮೀಪದ ತೂಕ. ಆ ತೂಕವೇ ಹಿಂದೊದೆತವನ್ನು ನುಂಗಿ ಕೈಯನ್ನು ಸ್ಥಿರವಾಗಿಡುತ್ತದೆ. ಗುರಿ ಅಭ್ಯಾಸದಲ್ಲಿ ಗುಣವಾದ ಇದು, ದೆಹಲಿಯ ಮೇ ತಿಂಗಳ ತೆಳು ಅಂಗಿಯ ಕೆಳಗೆ, ಸ್ಕೂಟರಿನ ಮೇಲೆ, ದಿನವಿಡೀ ಹೊರಬೇಕಾದವನಿಗೆ ದೋಷ. ಅದಲ್ಲದೆ ಸೇನೆಯ ಈ 9 ಎಂಎಂ ಅಳತೆ ನಾಗರಿಕರಿಗೆ ನಿಷಿದ್ಧ, ನಮಗೆ ಸಿಗುವುದು.32ರಂಥ ಅಳತೆಗಳು. ದೆಹಲಿಯ 2012ರ ದುರಂತದ ನೆರಳಿನಲ್ಲಿ, 2014ರಲ್ಲಿ ಮಹಿಳೆಯರಿಗೆಂದು ಬಂದ ಕಾನ್ಪುರದ 'ನಿರ್ಭೀಕ್' ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಬೆಲೆ ಮಾತ್ರ ಲಕ್ಷ ದಾಟಿತ್ತು.

ಮೂರನೆಯದು ಕಾನೂನು. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಬಂದೂಕು, ಪರವಾನಗಿಯ ಅವಧಿ 5 ವರ್ಷ. ಮದುವೆ ಮೆರವಣಿಗೆಯಲ್ಲಿ ಹರ್ಷಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅಗತ್ಯಕ್ಕೆ ಮೀರಿದ ಬಲಕ್ಕೆ ಮಾತ್ರ ರಕ್ಷೆಯಿಲ್ಲ. ಓಡಿಹೋಗುವ ಕಳ್ಳನ ಬೆನ್ನಿಗೆ ಹಾರಿಸಿದವನು ತಾನೇ ಕಟಕಟೆಯಲ್ಲಿ ನಿಲ್ಲಬೇಕಾದೀತು.

ಕೊನೆಯದು ಇದೇ ದೆಹಲಿಯ ನೆನಪು. 1948ರ ಜನವರಿ 30ರಂದು ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕೊಂದದ್ದು ಇಟಲಿಯ ಸೇನೆಯ ಬೆರೆಟ್ಟಾ ಪಿಸ್ತೂಲು. ಉಕ್ಕಿನದು, ಬಟ್ಟೆಯಲ್ಲಿ ಅಡಗುವಷ್ಟು ಚಿಕ್ಕದು. ಹತ್ತು ದಿನ ಮೊದಲಷ್ಟೇ ಅಲ್ಲಿ ಬಾಂಬು ಸಿಡಿದಿತ್ತು, ಪೊಲೀಸರ ಕಾವಲೂ ಇತ್ತು. ಆದರೂ ಮೂರು ಗುಂಡುಗಳನ್ನು ತಡೆಯಲಾಗಲಿಲ್ಲ. ಗಳಿಗೆಯನ್ನು ಆರಿಸುವವನು ಆಕ್ರಮಣಕಾರ. ಹಿಂದಿನಿಂದ ಬೈಕು ಬಂದು ನಿಂತಾಗ ನಮ್ಮ ತಮ್ಮನ ಸೊಂಟದಲ್ಲಿ ಪಿಸ್ತೂಲಿದ್ದರೆ, ಚೀಲದೊಡನೆ ಅದೂ ಕಳ್ಳರ ಪಾಲಾಗುತ್ತಿತ್ತೇನೋ.

ಪ್ರಾಣಬೆದರಿಕೆ ನಿಜವಾಗಿ ಇರುವವರಿಗೆ, ತರಬೇತಿ ಪಡೆದು ಬೀಗದಲ್ಲಿ ಇಡಬಲ್ಲವರಿಗೆ, ನಾನು ಬೇಡವೆನ್ನಲಾರೆ. ಪ್ರತಿಷ್ಠೆಗಾಗಿ ಕೊಳ್ಳುವುದನ್ನು ನಮ್ಮ ಸಮಾಜ ಹೊಗಳಬಾರದು. ಆಳುವವರಿಗೂ ಒಂದು ಮಾತು: ಪ್ರಾಮಾಣಿಕವಾಗಿ ತೆರಿಗೆ ಕಟ್ಟುವವನು ರಕ್ಷಣೆಯನ್ನೂ ತಾನೇ ಕೊಳ್ಳಬೇಕಾದರೆ, ಬೀದಿದೀಪ ಮತ್ತು ಗಸ್ತಿಗೆಂದು ಪಡೆದ ಹಣದ ಲೆಕ್ಕ ಕೊಡಿ.

ಆ ತಮ್ಮ ಈಗ ನಗದನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟುತ್ತಾರೆ. ಪರವಾನಗಿಯ ಅರ್ಜಿ ಇನ್ನೂ ಮೇಜಿನ ಖಾನೆಯಲ್ಲಿದೆ. ಭರ್ತಿ ಮಾಡಿಲ್ಲ, ಹರಿದೂ ಇಲ್ಲ. ಅವರ ಭಯವನ್ನು ನಾನು ಹಗುರವಾಗಿ ಕಾಣೆ. ನೀವೂ ಕಾಣಬೇಡಿ.

ಜೈ ಜಿನೇಂದ್ರ.