ಬೆಟ್ಟದ ರಜೆಯಲ್ಲಿ ಒಂದು ದಿನ ಸುಮ್ನೆ ಇರಿ

ಶಿವಮೊಗ್ಗದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಬೆಟ್ಟದ ರಜೆ.

ಜನವರಿ ಬಂತು ಅಂದ್ರೆ ನಮ್ಮ ರೀಲ್ಸ್ ತುಂಬಾ ಹಿಮ. ಗುಲ್ಮಾರ್ಗ್, ಔಲಿ, ಸೋಲಾಂಗ್. ಸ್ಕೀ ಕಟ್ಕೊಂಡು ಸುಯ್ ಅಂತ ಜಾರೋರನ್ನ ನೋಡಿದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ? ಅದು ನಮ್ಮವರಿಗೆ ಆಗೋದಲ್ಲ ಅಂತಾನೂ ಇಲ್ಲ. ಹಿಮವೇ ಬೀಳದ ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ.

ಆದ್ರೆ ರೀಲ್‌ನಲ್ಲಿ ಕಾಣದ ಒಂದು ಭಾಗ ಇದೆ. ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ನಮಗೆ ಬೇಗ ಸುಸ್ತಾಗುತ್ತೆ. ಕಾಲು ದಣಿದ ಮೇಲೆ ಸ್ಕೀ ನಮ್ಮ ಮಾತು ಕೇಳಲ್ಲ, ಬಿದ್ರೆ ಮಂಡಿ ತಿರುಚುತ್ತೆ. ಅದಕ್ಕೇ 'ಇನ್ನೊಂದೇ ಒಂದು ರೌಂಡ್' ಅನ್ನೋ ಆಸೆ ಅಪಾಯದ್ದು. ತಿಳಿದವರು ಮಧ್ಯೆ ಒಂದು ದಿನ ಬಿಡ್ತಾರೆ. ಬೆಚ್ಚಗೆ ಕೂತು ಓದ್ತಾರೆ, ಮಲಗ್ತಾರೆ. ಆ ದಿನ ವೇಸ್ಟ್ ಅಲ್ಲ, ಮಾರನೇ ದಿನ ಸುರಕ್ಷಿತವಾಗಿ ಜಾರೋಕೆ ಅದೇ ಬಂಡವಾಳ.

ಈಗ ನಮ್ಮ ಕಡೆ ನೋಡಿ. ಶನಿವಾರ ಕೆಲಸ ಮುಗಿಸಿ, ನಿದ್ದೆ ಬಿಟ್ಟು, ಮಧ್ಯರಾತ್ರಿ ಭದ್ರಾವತಿಯಿಂದ ಬೈಕ್ ಹತ್ತೋದು. ದಾರೀಲಿ ಜೋಗ, ಆಮೇಲೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಸರ್ವಜ್ಞ ಪೀಠದ ಹತ್ರ ಸೂರ್ಯಾಸ್ತದ ಫೋಟೋ. ಆಮೇಲೆ ಕತ್ತಲಲ್ಲಿ ಇಳಿದು, ತಿರುವಿನ ರಸ್ತೇಲಿ ನೂರು ಕಿಲೋಮೀಟರ್‌ಗೂ ಜಾಸ್ತಿ ವಾಪಸ್. ಸೋಮವಾರ ಬೆಳಗ್ಗೆ ಆಫೀಸು. ಹಿಂದೆ ಕೂತವನು ತೂಕಡಿಸ್ತಿರ್ತಾನೆ, ಕೆಲವೊಮ್ಮೆ ಮುಂದೆ ಕೂತವನೂ! ನಗೋ ವಿಷಯ ಅಲ್ಲ ಇದು.

ಭದ್ರಾವತಿಯವರಿಗೆ ವಿಶ್ರಾಂತಿ ಅಂದ್ರೆ ಏನು ಅಂತ ಹೇಳಿಕೊಡಬೇಕಾ? 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು ಅದು. ನೈಟ್ ಶಿಫ್ಟ್ ಮುಗಿಸಿದವರು ಹಗಲು ಮಲಗಿದ್ರೆ ಮನೇಲಿ ರೇಡಿಯೋ ಸಣ್ಣಗಾಗ್ತಿತ್ತು, ಮಕ್ಕಳು ಆಡೋಕೆ ಹೊರಗೆ ಹೋಗ್ತಿದ್ರು. ಅವರನ್ನ ಯಾರೂ ಸೋಮಾರಿ ಅಂತಿರಲಿಲ್ಲ. ಕಾದ ಕಬ್ಬಿಣದ ಮುಂದೆ ನಿದ್ದೆಗಣ್ಣಲ್ಲಿ ನಿಂತ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ನಾವು ಲ್ಯಾಪ್‌ಟಾಪ್ ಮುಂದೆ ದುಡಿಯೋರು. ದಣಿವು ಕಣ್ಣಿಗೆ ಕಾಣಲ್ಲ, ಹಾಗಾಗಿ ಲೆಕ್ಕಕ್ಕೂ ಬರಲ್ಲ. ನಾನು ಬಿಕಾಂ ಓದಿದವನು. ಯಂತ್ರ ಸವೆಯುತ್ತೆ ಅಂತ ವರ್ಷ ವರ್ಷ ಡಿಪ್ರಿಸಿಯೇಷನ್ ಬರೀತೀವಿ. ನಮ್ಮ ಮೈಗೆ ಯಾರು ಬರೀತಾರೆ?

ಅದಕ್ಕೆ ಒಂದು ಪ್ಲ್ಯಾನ್ ಹೇಳ್ತೀನಿ. ಮೂರು ದಿನ ರಜೆ ಸಿಕ್ತು ಅಂತಿಟ್ಕೊಳ್ಳಿ. ಮೊದಲ ದಿನ ಕೊಡಚಾದ್ರಿ ಹತ್ತಿ, ರಾತ್ರಿ ಅಲ್ಲೇ ಹತ್ರದ ಹೋಂಸ್ಟೇಲಿ ಉಳೀರಿ. ಎರಡನೇ ದಿನ ಎಲ್ಲೂ ಹೋಗ್ಬೇಡಿ. ಜಗಲೀಲಿ ಕೂತು ತೇಜಸ್ವಿ ಅವರ 'ಕರ್ವಾಲೋ' ಓದಿ. 1980ರ ಪುಸ್ತಕ, ಸಣ್ಣದು, ಒಂದೇ ದಿನದಲ್ಲಿ ಮುಗಿಯುತ್ತೆ. ಹಾರುವ ಓತಿಯನ್ನ ಹುಡುಕಿಕೊಂಡು ಹೋಗೋ ಕಥೆಯನ್ನ ಮಲೆನಾಡಲ್ಲೇ ಕೂತು ಓದೋ ಮಜಾನೇ ಬೇರೆ. ನಿದ್ದೆ ಬಂದ್ರೆ ಮಲಗಿ. ನೆಟ್‌ವರ್ಕ್ ಸಿಗದಿದ್ರೆ ಇನ್ನೂ ಒಳ್ಳೇದು. ಮೂರನೇ ದಿನ ತೀರ್ಥಹಳ್ಳಿ ಕಡೆಯಿಂದ ಬನ್ನಿ, ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ನೋಡಿ, ಕವಿಶೈಲಕ್ಕೆ ನಿಧಾನಕ್ಕೆ ಹತ್ತಿ. ಕತ್ತಲಾಗೋ ಮೊದಲು ಮನೆ ಸೇರಿ.

'ಗುರು, ನಮಗೆ ಸಿಗೋದೇ ಎರಡು ದಿನ' ಅಂತೀರಾ? ಸರಿ, ಹಾಗಾದ್ರೆ ನಿದ್ದೆ ಬಿಡೋ ಬದಲು ಒಂದು ಜಾಗ ಬಿಡಿ. ಜೋಗ ಮುಂದಿನ ಸಲಕ್ಕೂ ಅಲ್ಲೇ ಇರುತ್ತೆ.

ನಿಮ್ಮ ಗ್ಯಾಂಗಲ್ಲಿ ಪ್ಲ್ಯಾನ್ ಹಾಕೋರು ಯಾರಿದ್ದಾರೋ ಅವರಿಗೆ ಈ ಸಂಚಿಕೆ ಕಳಿಸಿ. ಏನೂ ಮಾಡದ ಒಂದು ದಿನ ಹೇಗಿತ್ತು ಅಂತ ವಾಯ್ಸ್ ನೋಟ್ ಮಾಡಿ. ಮುಂದಿನ ವಾರ ಸಿಗೋಣ.