ಕೆಲಸ ಕೇಳಿದರೆ ಕನ್ನಡಿಗ, ಕೂಲಿ ಕೇಳಿದರೆ ಪುಂಡ!

(ಹಿರಿಯೂರು ತಾಲ್ಲೂಕು ಯಲ್ಲದಕೆರೆಯ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಇಷ್ಟೇ ನನ್ನ ಸಾಹಿತ್ಯ. ಆದರೆ ಅಚ್ಚು ಹಾಕುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಪತ್ರಿಕೆ ಕೈಗೆ ಬಂದರೆ ಸುದ್ದಿ ಆಮೇಲೆ. ಯಾವ ಪದ ದಪ್ಪಕ್ಷರದಲ್ಲಿದೆ, ಯಾವುದು ಕೊನೆಯ ಸಾಲಿಗೆ ಬಿದ್ದಿದೆ ಎಂದು ಮೊದಲು ನೋಡುತ್ತೇವೆ. ಇವತ್ತು ಅದನ್ನೇ ಹೇಳುತ್ತೇನೆ.

2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ. ಕೋಲಾರ ಜಿಲ್ಲೆಯ ನರಸಾಪುರ. ಆಪಲ್ ಕಂಪನಿಗೆ ಫೋನು ಮಾಡಿಕೊಡುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆ. ಪಾಳಿ ಬದಲಾಗುವ ಹೊತ್ತಿಗೆ ಹುಡುಗರು ತಿರುಗಿಬಿದ್ದರು. ಗಾಜು ಒಡೆಯಿತು, ವಾಹನಗಳು ಮಗುಚಿದವು. ಮಧ್ಯಾಹ್ನದೊಳಗೆ ಟಿವಿಯಲ್ಲಿ ಒಂದೇ ಭಜನೆ: ದಾಂಧಲೆ, ಪುಂಡಾಟ, ಕರ್ನಾಟಕದ ಮಾನ ಹರಾಜು, ಬಂಡವಾಳ ಓಡಿಹೋಗುತ್ತದೆ! ಕಂಪನಿ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ. ಆರೋಪಿಗಳು 7 ಸಾವಿರ ಮಂದಿ. ನೂರಕ್ಕೂ ಹೆಚ್ಚು ಹುಡುಗರು ಜೈಲಿಗೆ ಹೋದರು.

ಗಾಜು ಒಡೆದದ್ದು ಸರಿಯೇ? ಸರಿಯಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದು ಬೇಡ.

ಆದರೆ ಮುಂದೇನಾಯಿತು? ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕದಲ್ಲಿ ನಷ್ಟ 26ರಿಂದ 52 ಕೋಟಿಗೆ ಇಳಿಯಿತು. ನಮ್ಮ ಪೊಲೀಸರಿಗೆ ಒಂದು ಲೆಕ್ಕ, ಅವರ ಷೇರುದಾರರಿಗೆ ಒಂದು ಲೆಕ್ಕ! ಕಾರ್ಖಾನೆ ಇಲಾಖೆಯವರು ತಪಾಸಣೆಗೆ ಹೋದರೆ, ಸ್ವಲ್ಪ ಸಮಯದಲ್ಲೇ 5 ಸಾವಿರವಿದ್ದ ಕೆಲಸಗಾರರು 10 ಸಾವಿರ ದಾಟಿದ್ದಾರೆ, ಹಾಜರಾತಿ ಲೆಕ್ಕ ಸರಿಯಿಲ್ಲ, ಪಾಳಿ 12 ಗಂಟೆಯದಾಗಿದೆ. 21 ಸಾವಿರ ಎಂದು ಸೇರಿಸಿಕೊಂಡ ಇಂಜಿನಿಯರಿಂಗ್ ಹುಡುಗರ ಕೈಗೆ 16 ಸಾವಿರ, ಕೊನೆಗೆ 12 ಸಾವಿರ ಬಂತೆಂದು ಪತ್ರಿಕೆಗಳೇ ಬರೆದವು. ಒಂದು ವಾರಕ್ಕೆ, ಡಿಸೆಂಬರ್ 19ರಂದು, ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಕೊಟ್ಟಿಲ್ಲ ಎಂದು ಕಂಪನಿಯೇ ಒಪ್ಪಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆಪಲ್ ಕಂಪನಿಯು ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು.

ಈ ಒಪ್ಪಿಗೆಗೆ ದಪ್ಪಕ್ಷರ ಎಲ್ಲಿತ್ತು? ಹುಡುಗರನ್ನು ಪುಂಡರೆಂದು ಕೂಗಿದ ಅದೇ ಗಂಟಲು ಅಂದು ಯಾಕೆ ಕಟ್ಟಿಕೊಂಡಿತು? ಬಂಡವಾಳವೂ ಓಡಿಹೋಗಲಿಲ್ಲ. 2023ರಲ್ಲಿ ಅದೇ ಕಾರ್ಖಾನೆಯನ್ನು ಟಾಟಾದವರು ದುಡ್ಡು ಕೊಟ್ಟು ಕೊಂಡರು.

ಇನ್ನು ವ್ಯಾಕರಣ. ನನಗೆ ಬರುವಷ್ಟು ಹೇಳುತ್ತೇನೆ. ಇಂಥ ಸುದ್ದಿಯನ್ನು ಗಮನವಿಟ್ಟು ಓದಿ. "ಕಾರ್ಮಿಕರು ಕಲ್ಲು ತೂರಿದರು." ಇಲ್ಲಿ ಕರ್ತೃ ಇದ್ದಾನೆ. "ಸಂಬಳ ವಿಳಂಬವಾಗಿತ್ತು." ಇಲ್ಲಿ ಕರ್ತೃ ಎಲ್ಲಿ? ಕಲ್ಲನ್ನು ಯಾರಾದರೂ ತೂರಲೇಬೇಕು. ಸಂಬಳ ಮಾತ್ರ ಮಳೆಯ ಹಾಗೆ ತಾನೇ ತಡವಾಗುತ್ತದೆ! ನಾನೂ ಮಾಲೀಕನೇ, ನಾಲ್ಕು ಜನಕ್ಕೆ ಸಂಬಳ ಕೊಡುವವನು. ಸಂಬಳ ತಾನೇ ತಡವಾಗುವುದಿಲ್ಲ ಸ್ವಾಮಿ. ತಡ ಮಾಡುವವನು ಒಬ್ಬ ಇರುತ್ತಾನೆ.

ಪತ್ರಿಕೆಯವರನ್ನು ಮಾತ್ರ ಬೈದು ಫಲವಿಲ್ಲ. ಓದುಗ ಕೊಡುವ ದುಡ್ಡಿನಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ, ಅದು ನನಗೆ ಗೊತ್ತು. ಉಳಿದದ್ದು ಜಾಹೀರಾತಿನಿಂದ ಬರಬೇಕು. ಕಾರ್ಮಿಕ ಸಂಘ ಯಾವತ್ತಾದರೂ ಮುಖಪುಟಕ್ಕೆ ಜಾಹೀರಾತು ಕೊಟ್ಟೀತೇ?

2016ರ ಏಪ್ರಿಲ್ 18 ಮತ್ತು 19 ನೆನಪಿದೆಯೇ? ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು: ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಗಾರ್ಮೆಂಟ್ಸಿನಲ್ಲಿ 58ರವರೆಗೆ ಹೊಲಿಯುವ ಕಣ್ಣು ಯಾರಿಗಿದೆ? ಐದಾರು ವರ್ಷ ದುಡಿದು, ಬಿಟ್ಟು, ಆ ಗಂಟಿನಲ್ಲಿ ಸಾಲ ತೀರಿಸುವವರು, ಮಗಳ ಫೀಜು ಕಟ್ಟುವವರು ಅವರು. ನಮ್ಮ ಸೀಮೆಯಿಂದಲೂ ಹೋದ ಅಕ್ಕತಂಗಿಯರಿದ್ದಾರೆ. ದೊಡ್ಡ ನಾಯಕರಿಲ್ಲ, ಮುಂದೆ ನಿಂತ ಸಂಘವಿಲ್ಲ. ಮಿಷನ್ನು ಬಿಟ್ಟು ಎದ್ದು ಹೊಸೂರು ರಸ್ತೆಗೆ ಬಂದು ಕೂತರು. ಮರುದಿನ ತುಮಕೂರು ರಸ್ತೆಗೂ ಹಬ್ಬಿತು. ಲಾಠಿ ಬಿತ್ತು, ಅಶ್ರುವಾಯು ಬಿತ್ತು. ಹೆಬ್ಬಗೋಡಿ ಕಡೆ ಬಸ್ಸುಗಳು ಸುಟ್ಟವು. ಪಟ್ಟಣದ ಜನಕ್ಕೆ ಕಂಡದ್ದೇನು? ಟ್ರಾಫಿಕ್ ಜಾಮ್! ಆಫೀಸಿಗೆ ಎರಡು ಗಂಟೆ ತಡ!

19ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ಆ ಅಧಿಸೂಚನೆಯನ್ನು ಹಿಂದಕ್ಕೆ ಪಡೆದರು. ಇಡೀ ದೇಶಕ್ಕೆ. ಅಂದು ಕಾರಿನಲ್ಲಿ ಕೂತು ಶಾಪ ಹಾಕಿದ ಸಾಫ್ಟ್‌ವೇರ್ ಸಾಹೇಬರ ಪಿಎಫ್ಫನ್ನೂ ಉಳಿಸಿಕೊಟ್ಟವರು ಅದೇ ಹೆಣ್ಣುಮಕ್ಕಳು. ಅವರಿಗೆ ಯಾರು ಹಾರ ಹಾಕಿದರು?

ಬಸ್ಸಿನವರ ಕಥೆ ನಿಮಗೇ ಗೊತ್ತು. 2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಮಾಡಿದರು. ವಜಾ, ವರ್ಗಾವಣೆ, ಖಾಸಗಿ ಬಸ್ಸು. ಪ್ರಯಾಣಿಕರ ಪರದಾಟ ನಿಜವೇ. ಹಬ್ಬಕ್ಕೆ ಊರು ಸೇರಲಾಗದವರಿಗೆ ಸಿಟ್ಟು ಬಂದದ್ದೂ ನಿಜ. ಆದರೆ 2025ರ ಆಗಸ್ಟ್ 5ರಂದು ಅವರು ಮತ್ತೆ ಬಸ್ಸು ನಿಲ್ಲಿಸಿದ್ದು 38 ತಿಂಗಳ ಬಾಕಿ ಕೇಳಿ. ಮೂವತ್ತೆಂಟು ತಿಂಗಳು! ನಿಮ್ಮ ಮೊಬೈಲ್ ಬಿಲ್ಲು ಮೂರು ತಿಂಗಳು ಬಾಕಿ ಇಡಿ, ನೋಡೋಣ.

ಈಗ ನಮ್ಮ ಕನ್ನಡದ ವಿಷಯಕ್ಕೆ ಬರುತ್ತೇನೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ನಾವೆಲ್ಲ ಕುಣಿದೆವು. ಉದ್ಯಮಿಗಳು ಗುಡುಗಿದರು. ನಾಸ್ಕಾಂನವರು ಕಂಪನಿಗಳು ಬೇರೆ ಕಡೆ ಹೋದಾವು ಎಂದರು. 17ರಂದೇ ಸರ್ಕಾರ ಮಸೂದೆಯನ್ನು ಮಡಚಿ ಇಟ್ಟಿತು. ಕೆಲಸ ಕೇಳಿದರೂ "ಬಂಡವಾಳ ಓಡಿಹೋಗುತ್ತದೆ", ಕೂಲಿ ಕೇಳಿದರೂ "ಬಂಡವಾಳ ಓಡಿಹೋಗುತ್ತದೆ". ಬೆದರಿಕೆ ಒಂದೇ, ಗುಮ್ಮ ಒಂದೇ. ಮೊದಲನೆಯದಕ್ಕೆ ಬೀದಿಗಿಳಿಯುವ ನಾವು ಎರಡನೆಯದಕ್ಕೆ ಮಾಲೀಕರ ಪರ ವಕಾಲತ್ತು ಮಾಡುವುದೇಕೆ? ಕೆಲಸ ಸಿಗುವವರೆಗೆ ಅವನು ಕನ್ನಡದ ಕಂದ; ಸಿಕ್ಕಿದ ಮೇಲೆ ಓವರ್‌ಟೈಂ ಕೇಳಿದರೆ ಪುಂಡ!

ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಐಟಿಐ, ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಬಿಇಎಂಎಲ್ ಕಾರ್ಮಿಕರು 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ಹೂಡಿದ್ದರು. ಮರುವರ್ಷ ಗೋಕಾಕ್ ಚಳವಳಿ. ಅಂದಿನ ಬೆಂಗಳೂರಿನಲ್ಲಿ ಕನ್ನಡ ಬಾವುಟ ಹಿಡಿದವರಲ್ಲಿ ಈ ಕಾರ್ಖಾನೆಗಳ ಕನ್ನಡ ಸಂಘದವರು ಎಷ್ಟಿದ್ದರು, ಹಿರಿಯರನ್ನು ಕೇಳಿ. ಅಷ್ಟು ದೂರ ಯಾಕೆ? 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ದಾವಣಗೆರೆ, ಹತ್ತಿ ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಶಾಸನಸಭೆಗೆ ಕಳಿಸಿದ ಊರು. ಗಿರಣಿ ಮುಚ್ಚಿತು, ಸಂಘ ಕರಗಿತು. ಇವತ್ತಿನ ಹುಡುಗನಿಗೆ ಯೂನಿಯನ್ ಎಂದರೆ ಟಿವಿಯವರು ಹೇಳಿಕೊಟ್ಟದ್ದಷ್ಟೇ ಗೊತ್ತು. ಪಕ್ಕದ ಮಿಷನ್ನಿನಲ್ಲಿ ಒಡಿಶಾದ ಹುಡುಗಿ ಇದ್ದಾಳೆಂದು ಸಿಟ್ಟು ಬೇರೆ. ಅವಳಿಗೂ ಅದೇ ಸೂಪರ್‌ವೈಸರ್ ಬೈಯುವುದು ತಮ್ಮಾ.

ಭಾಷೆಯ ಹೋರಾಟಗಾರರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಎಂದಿತ್ತು. ಕೆಲಸದ ಸಮಯ, ರಜೆ, ಶಿಸ್ತುಕ್ರಮ, ಈ ನಿಯಮಗಳೆಲ್ಲ ಅದರಲ್ಲಿ ಬರುತ್ತಿದ್ದವು. ಇವನ್ನು ಇಂಗ್ಲಿಷಿನಲ್ಲಿ ಮತ್ತು ಹೆಚ್ಚು ಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಕಾರ್ಖಾನೆಯ ಬಾಗಿಲ ಹತ್ತಿರ ಫಲಕದಲ್ಲಿ ಹಾಕಬೇಕೆಂದು ಅದರ 9ನೇ ಕಲಮು ಹೇಳುತ್ತಿತ್ತು. ನೀವು ದುಡಿಯುವ ಕಡೆ ಅಂಥ ಕನ್ನಡ ಫಲಕ ಕಂಡಿದ್ದೀರಾ? ಕೈ ಎತ್ತಿ ನೋಡೋಣ... 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಯಾವ ಭಾಷೆ ಎಂಬುದನ್ನು ಅದು ಸರ್ಕಾರದ ನಿಯಮಕ್ಕೆ ಬಿಟ್ಟಿದೆ. ಅಂಗಡಿಯ ಬೋರ್ಡಿಗೆ ಮಸಿ ಬಳಿಯಲು ನೂರು ಜನ ಹೋಗುತ್ತೇವಲ್ಲ, ಕಾರ್ಮಿಕ ಇಲಾಖೆಗೆ ಹತ್ತು ಜನ ಹೋಗಿ ಕೇಳೋಣ: ನೇಮಕಾತಿ ಪತ್ರ, ಸಂಬಳದ ಚೀಟಿ, ಸ್ಥಾಯಿ ಆದೇಶ, ಮೂರೂ ಕನ್ನಡದಲ್ಲಿರಬೇಕು. ಮನವಿ ಬರೆದು ತನ್ನಿ. ಅಚ್ಚಿನ ಖರ್ಚು ನನ್ನದು.