ಸೆರ್ಗೇ ವಿಟ್ಟೆ ಎಂಬ ಅಧಿಕಾರಿ

ಸರ್ಕಾರಿ ಕೆಲಸದ ಬಗ್ಗೆ ನಾಲ್ಕು ಮಾತಾಡಿ ಎಂದು ಅಪ್ಪಣೆಯಾಗಿದೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್, ದುಡಿದದ್ದು ಕಾಲುವೆಗಳ ಮೇಲೆ. ಆದರೂ ಇಂದು ಹೇಳುವುದು ರಷ್ಯಾದ ಸೆರ್ಗೇ ವಿಟ್ಟೆಯ ವಿಷಯ.

1849ರಲ್ಲಿ ತಿಫ್ಲಿಸಿನಲ್ಲಿ ಹುಟ್ಟಿದ ಈತ ಗಣಿತ ಪದವೀಧರ. ಒಡೆಸ್ಸಾದ ರೈಲ್ವೆ ಸೇರಿ, ಟಿಕೆಟ್ ಕೊಡುವುದರಿಂದ ಹಿಡಿದು ಎಲ್ಲ ಕೆಲಸ ಕಲಿತ. 1888ರಲ್ಲಿ ನೈಋತ್ಯ ರೈಲ್ವೆಯನ್ನು ನೋಡಿಕೊಳ್ಳುತ್ತಿದ್ದಾಗ ತ್ಸಾರ್ ಮೂರನೇ ಅಲೆಕ್ಸಾಂಡರನ ರೈಲು ಅವನ ಹಳಿಯ ಮೇಲೆ ಬಂತು. ಅತಿ ಭಾರದ ಬೋಗಿಗಳು, ಎಳೆಯಲು ಎರಡು ಗೂಡ್ಸ್ ಎಂಜಿನ್, ಅದರ ಮೇಲೆ ಎಕ್ಸ್‌ಪ್ರೆಸ್ ವೇಗ. ಹಳಿ ತಡೆಯದು, ವೇಗ ಇಳಿಸಿ ಎಂದ ವಿಟ್ಟೆ. ಬೇರೆ ಕಡೆ ಓಡುವುದು ಇಲ್ಲೇಕೆ ಓಡದು ಎಂದು ದೊರೆ ಸಿಡುಕಿದ. ಈತ ಮಣಿಯಲಿಲ್ಲ. ಆ ಅಕ್ಟೋಬರಿನಲ್ಲೇ ಬೇರೆ ಮಾರ್ಗದ ಬೋರ್ಕಿ ಎಂಬಲ್ಲಿ ದೊರೆಯ ರೈಲು ಹಳಿ ತಪ್ಪಿ 20ಕ್ಕೂ ಹೆಚ್ಚು ಮಂದಿ ಸತ್ತರು. ಬದುಕುಳಿದ ದೊರೆ ಆ ಒರಟನನ್ನೇ ನೆನೆದ. ಮರುವರ್ಷ ವಿಟ್ಟೆ ಸರ್ಕಾರಿ ಅಧಿಕಾರಿ, 1892ರಲ್ಲಿ ಹಣಕಾಸು ಮಂತ್ರಿ.

ಟ್ರಾನ್ಸ್-ಸೈಬೀರಿಯನ್ ರೈಲನ್ನು ಮುಂದೊತ್ತಿದವನು, 1897ರಲ್ಲಿ ರೂಬಲ್ಲನ್ನು ಚಿನ್ನಕ್ಕೆ ಕಟ್ಟಿದವನು ಈತನೇ. ಅದರ ಭಾರ ಹೊತ್ತವನು ರೈತ, ಅದನ್ನೂ ಹೇಳಬೇಕು. ತೆರಿಗೆ, ಸರ್ಕಾರಿ ಹೆಂಡದ ವರಮಾನ, ಎಲ್ಲವೂ ಬಡವನ ಕಿಸೆಯಿಂದಲೇ.

1894ರಲ್ಲಿ ದೊರೆ ತೀರಿಕೊಂಡ. ಮಗ ಎರಡನೇ ನಿಕೊಲಾಸನಿಗೆ ನೇರ ಮಾತು ಸಹಿಸದು. ಪೂರ್ವದಲ್ಲಿ ಜಪಾನನ್ನು ಕೆಣಕಬೇಡಿ ಎನ್ನುತ್ತಿದ್ದ ವಿಟ್ಟೆಯನ್ನು 1903ರಲ್ಲಿ ಅಧಿಕಾರವಿಲ್ಲದ ಗೌರವದ ಕುರ್ಚಿಗೆ ಏರಿಸಿದರು. ನಮ್ಮಲ್ಲೂ ಇದಕ್ಕೆ ಬಡ್ತಿ ಎನ್ನುತ್ತಾರೆ! ಮರುವರ್ಷ ಯುದ್ಧ. ಸೈನ್ಯ ಸಾಗಿಸಲು ಇದ್ದದ್ದು ಒಂಟಿ ಹಳಿ, ಬೈಕಾಲ್ ಸರೋವರದ ಸುತ್ತ ಅದೂ ಮುಗಿದಿರಲಿಲ್ಲ. ಸೋತ ಮೇಲೆ ಸಂಧಿಗೆ ಕಳಿಸಿದ್ದು ಇವನನ್ನೇ. 1905ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಒಂದು ಕಾಸೂ ಯುದ್ಧದಂಡ ಕೊಡದೆ, ಸಖಾಲಿನ್ ದ್ವೀಪದ ಅರ್ಧ ಬಿಟ್ಟು ಬಂದ. ಕೌಂಟ್ ಪದವಿ ಸಿಕ್ಕಿತು. ಜನ ‘ಅರೆ-ಸಖಾಲಿನ್ ಕೌಂಟ್’ ಎಂದು ನಕ್ಕರು. ಕ್ರಾಂತಿಯ ನಡುವೆ, ಚುನಾಯಿತ ಸಭೆ ಕೊಡಿ ಎಂದು ದೊರೆಯನ್ನು ಒಪ್ಪಿಸಿ ಮೊದಲ ಪ್ರಧಾನಿಯಾದ. ಆರೇ ತಿಂಗಳು. 1915ರಲ್ಲಿ ಸತ್ತ, ಎರಡು ವರ್ಷಕ್ಕೆ ಸಿಂಹಾಸನವೂ ಹೋಯಿತು.

ಇವನನ್ನೇಕೆ ಆರಿಸಿಕೊಂಡೆ? ಒಮ್ಮೆ ನನ್ನ ಕಾಲುವೆಯ ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಕಾಂಕ್ರೀಟಿಗೆ 28 ದಿನ ತುಂಬಿರಲಿಲ್ಲ, ಕ್ಯೂರಿಂಗ್ ಸರಿಯಾಗಿರಲಿಲ್ಲ. ನೀರು ಬಿಡಬಾರದೆಂದು ಟಿಪ್ಪಣಿ ಬರೆದೆ. ಮೇಲಿನವರು ಹುಬ್ಬೇರಿಸಿದರು. ಟಿಪ್ಪಣಿ ಹಿಂತೆಗೆದು ಸಹಿ ಹಾಕಿದೆ. ಮೂರನೇ ದಿನ ಲೈನಿಂಗ್ ಬಿರಿದು ಕೆಳಗಿನ ಹೊಲಗಳಿಗೆ ನೀರು ನುಗ್ಗಿತು. ವಿಚಾರಣೆಯಲ್ಲಿ ದಂಡ ಬಿದ್ದದ್ದು ವರ್ಕ್ ಇನ್‌ಸ್ಪೆಕ್ಟರನಿಗೆ. ಅವನ ಎರಡು ಇನ್‌ಕ್ರಿಮೆಂಟ್ ಹೋದವು. ನಾನು ಬಡ್ತಿ ಪಡೆದೇ ನಿವೃತ್ತನಾದೆ. ಅವನ ಊರು ಇಲ್ಲಿಂದ ದೂರವಿಲ್ಲ. ಇನ್ನೂ ಹೋಗಿ ಬಂದಿಲ್ಲ.